ಅಪ್‌ಡೇಟ್: ಅವಳಿ ಎಂದು ತಿಳಿದ ಮೇಲಿನ ದಿಗಿಲು ಈಗ ಹೇಗಿದೆ

ಸ್ಕ್ಯಾನಿನಲ್ಲಿ ಅನಿರೀಕ್ಷಿತವಾಗಿ ಅವಳಿ ಮಕ್ಕಳೆಂದು ತಿಳಿದಾಗ ಸಂತೋಷಕ್ಕಿಂತ ದಿಗಿಲೇ ಹೆಚ್ಚಾಗಿದೆ, ಮನಸ್ಸನ್ನು ಸಿದ್ಧಪಡಿಸಿಕೊಳ್ಳುವುದು ಹೇಗೆ ಎಂದು ಹಿಂದೆ ಕೇಳಿದ್ದೆ. ಮಕ್ಕಳಿಬ್ಬರಿಗೂ ಒಂದೇ ಮಾಸು (ಗರ್ಭದಲ್ಲಿ ಮಗುವಿಗೆ ಪೋಷಣೆ ಒದಗಿಸುವ ಪ್ಲಸೆಂಟಾ) ಇದೆಯೇ ಎಂದು ವೈದ್ಯರನ್ನು ಮೊದಲು ವಿಚಾರಿಸಿ ಎಂಬ ನಿಮ್ಮಲ್ಲೊಬ್ಬರ ಸಲಹೆಯೇ ಹೆಚ್ಚು ನೆರವಾಯಿತು. ಪ್ರತ್ಯೇಕ ಮಾಸುಗಳಿವೆ, ಆದ್ದರಿಂದ ಒಂದೇ ಮಾಸಿನ ಅವಳಿಗಳಿಗೆ 16ನೇ ವಾರದಿಂದ ಎರಡು ವಾರಕ್ಕೊಮ್ಮೆ ಬೇಕಾಗುವ ಸ್ಕ್ಯಾನ್ ನನಗೆ ಸಾಮಾನ್ಯವಾಗಿ ನಾಲ್ಕು ವಾರಕ್ಕೊಮ್ಮೆ ಸಾಕೆಂದೂ, ತೊಡಕಿಲ್ಲದಿದ್ದರೆ 37ನೇ ವಾರ ತುಂಬಿದ ಮೇಲೆ ಹೆರಿಗೆಯನ್ನು ಯೋಜಿಸಬಹುದೆಂದೂ ವೈದ್ಯರು ವಿವರಿಸಿದರು. ಭಯಕ್ಕೆ ಒಂದು ಅಳತೆ ಸಿಕ್ಕಂತಾಯಿತು. ಸಂತೋಷಪಡಲಾಗುತ್ತಿಲ್ಲವೆಂಬ ಅಳುಕನ್ನು ಅತ್ತೆಯವರಲ್ಲಿ ಹೇಳಿಕೊಂಡಾಗ (ಉಪದೇಶ ಬರುತ್ತದೆಂದೇ ಭಾವಿಸಿದ್ದೆ) ಅವರು ರಾತ್ರಿಯ ಪಾಳಿಯನ್ನು ಯಾರು ಯಾರು ಹಂಚಿಕೊಳ್ಳಬೇಕೆಂಬ ಮಾತಿಗೇ ನೇರವಾಗಿ ಬಂದರು. ಬಾಣಂತನಕ್ಕೆ ಅಮ್ಮ ಇಲ್ಲಿಗೇ ಬರುತ್ತಾರೆ. ಖರ್ಚಿನ ಚಿಂತೆ ಮಾತ್ರ ಹಾಗೆಯೇ ಉಳಿದಿದೆ.