ಅಪ್‌ಡೇಟ್: ಲಂಡನ್ನಿನಲ್ಲಿ ಯೆಹೂದಿ ಪೂರ್ವಜರ ಸಮಾಧಿಯ ಹುಡುಕಾಟ

ನನ್ನ ಪತಿಯ ಮುತ್ತಜ್ಜಿಯ ತಂದೆತಾಯಿ ಯೆಹೂದಿಗಳಾಗಿದ್ದಿರಬಹುದೇ, ಲಂಡನ್ನಿನ ವೈಟ್‌ಚಾಪಲ್‌ನಲ್ಲಿ ತೀರಿಕೊಂಡ ಅವರನ್ನು ಎಲ್ಲಿ ಹೂಳಿರಬಹುದು ಎಂದು ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು.

ಇಂಗ್ಲೆಂಡಿನಲ್ಲಿ 1837ರಿಂದ ಮರಣಗಳ ಸರ್ಕಾರಿ ನೋಂದಣಿ ನಡೆಯುತ್ತಿದ್ದರೂ ಆ ಪ್ರಮಾಣಪತ್ರದಲ್ಲಿ ಹೂಳಿದ ಸ್ಥಳವನ್ನು ನಮೂದಿಸುವುದಿಲ್ಲವಾದ್ದರಿಂದ, ಮರಣದ ವರ್ಷವನ್ನು ಯೆಹೂದಿ ಸ್ಮಶಾನಗಳು ಬಳಕೆಯಲ್ಲಿದ್ದ ಕಾಲದೊಂದಿಗೆ ಹೊಂದಿಸಿ ನೋಡಬೇಕಾಯಿತು. 1761ರಲ್ಲಿ ಆರಂಭವಾದ ಬ್ರಾಡಿ ಸ್ಟ್ರೀಟ್ ಸ್ಮಶಾನ 1858ರಲ್ಲೇ ಮುಚ್ಚಿದ್ದರಿಂದ ಅದನ್ನು ಕೈಬಿಟ್ಟೆವು. 1898ರಲ್ಲಿ ತೀರಿಕೊಂಡ ತಂದೆಯ ಹೆಸರು, 1896ರಲ್ಲಿ ತೆರೆದ ಪ್ಲಾಶೆಟ್ ಸ್ಮಶಾನದ ದಾಖಲೆಯಲ್ಲಿ, ಯುನೈಟೆಡ್ ಸಿನಗಾಗ್ ಎಂಬ ಯೆಹೂದಿ ಪ್ರಾರ್ಥನಾ ಮಂದಿರಗಳ ಒಕ್ಕೂಟದ ಮೂಲಕ ದೊರೆಯಿತು. ಇಷ್ಟು ವರ್ಷ ಮನೆಯಲ್ಲಿ ಬರೀ ಊಹೆಯಾಗಿದ್ದ ಮಾತಿಗೆ ಇದಕ್ಕಿಂತ ಬಲವಾದ ಆಧಾರ ಬೇಕಿಲ್ಲವೆಂದು ನನ್ನ ಭಾವನೆ. ಉಪನಾಮವೊಂದನ್ನೇ ನಂಬಿ ಯಾರನ್ನೂ ಯೆಹೂದಿ ಹೌದು ಅಥವಾ ಅಲ್ಲ ಎನ್ನಲಾಗದು, ಏಕೆಂದರೆ ವಲಸೆ ಬಂದ ಎಷ್ಟೋ ಕುಟುಂಬಗಳು ಇಂಗ್ಲಿಷ್ ಹೆಸರುಗಳನ್ನು ಇಟ್ಟುಕೊಂಡಿದ್ದವು.

ಯೆಹೂದಿ ಸಮಾಧಿಗಲ್ಲುಗಳ ಹೀಬ್ರೂ ಬರಹದಲ್ಲಿ ಸಾಮಾನ್ಯವಾಗಿ ಮೃತರ ತಂದೆಯ ಹೆಸರೂ ಇರುವುದರಿಂದ, ಕಲ್ಲು ಓದಲು ಸಿಕ್ಕರೆ ಇನ್ನೊಂದು ತಲೆಮಾರು ತಿಳಿಯುತ್ತದೆ. ಆದರೆ ಈ ತಂದೆಯ ಸಮಾಧಿಗಲ್ಲಿನ ಅಕ್ಷರಗಳು ಬಹಳ ಸವೆದಿವೆ. ಹೀಬ್ರೂ ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ, ಓರೆ ಬೆಳಕಿನಲ್ಲಿ ತೆಗೆದ ಚಿತ್ರಗಳನ್ನು ಕಳುಹಿಸುತ್ತೇನೆ. ತಾಯಿಯ ಸಮಾಧಿಯನ್ನು ವೆಸ್ಟ್ ಹ್ಯಾಮ್‌ನ ಯೆಹೂದಿ ಸ್ಮಶಾನದ ದಾಖಲೆಗಳಲ್ಲಿ ಹುಡುಕುತ್ತಿದ್ದೇವೆ.