ಮಕ್ಕಳ ಜಿಂಕೆ ಬೇಟೆ, ವಿಸ್ಕಾನ್ಸಿನ್ ನಿಯಮಗಳು: ವನ್ಯಜೀವಿ ತಜ್ಞೆಗೆ ನಿಮ್ಮ ಪ್ರಶ್ನೆಗಳು

ಪ್ರಶ್ನೆ: ಮೇಡಂ, ನಮಸ್ಕಾರ. ನಾವಿರುವುದು ಮ್ಯಾಡಿಸನ್ ಹತ್ತಿರ. ಮಗನಿಗೆ ಹನ್ನೆರಡು ವರ್ಷ. ಅಕ್ಟೋಬರ್‌ನ ಮಕ್ಕಳ ಬೇಟೆಗೆ ಅವನ ಗೆಳೆಯನ ಅಜ್ಜ ಇವನನ್ನೂ ಕರೆದಿದ್ದಾರೆ. ಇವನು ಬೇಟೆಯ ತರಬೇತಿ ಪಡೆದಿಲ್ಲ. ಕಾನೂನು ಒಪ್ಪುತ್ತದೆಯೇ? ನಾನು ಎಚ್-1ಬಿ ವೀಸಾದವನು, ಮಗ ಇಲ್ಲೇ ಹುಟ್ಟಿದವನು. ನಾನೂ ಜೊತೆಗೆ ಹೋಗಬಹುದೇ?

ಉತ್ತರ: ನಮಸ್ಕಾರ. ಕಾನೂನು ಒಪ್ಪುತ್ತದೆ. ಹದಿನೈದು ವರ್ಷ ಮತ್ತು ಅದಕ್ಕಿಂತ ಕಿರಿಯರಿಗೆಂದೇ ಇರುವ ಶನಿವಾರ, ಭಾನುವಾರದ ಬೇಟೆ ಇದು. ದೊಡ್ಡವರ ಒಂಬತ್ತು ದಿನಗಳ ಕೋವಿ ಬೇಟೆ ನವೆಂಬರ್‌ನಲ್ಲಿ ಬರುತ್ತದೆ. ತರಬೇತಿ ಇಲ್ಲದವರಿಗೆ ಮಾರ್ಗದರ್ಶಿಯೊಂದಿಗೆ ಬೇಟೆಯಾಡುವ ಪರವಾನಗಿ ಸಿಗುತ್ತದೆ. ಅದಕ್ಕೆ ಮೊದಲು ಹತ್ತು ವರ್ಷ ತುಂಬಿರಬೇಕಿತ್ತು, 2017ರಲ್ಲಿ ಆ ಮಿತಿಯನ್ನೂ ತೆಗೆದರು. (ಐದು ವರ್ಷದ ಮಗುವಿಗೂ ಪರವಾನಗಿ ಕೊಡುವುದು ನನಗೆ ಒಪ್ಪಿಗೆಯಿಲ್ಲ, ಆ ಮಾತು ಬೇರೆ.)

ಮಾರ್ಗದರ್ಶಿಗೆ ಹದಿನೆಂಟು ತುಂಬಿರಬೇಕು, ಅವರ ಬಳಿ ಆ ವರ್ಷದ ಪರವಾನಗಿ ಇರಬೇಕು, ಕೈ ಚಾಚಿದರೆ ಮಗು ಸಿಗುವಷ್ಟು ಹತ್ತಿರದಲ್ಲಿರಬೇಕು. ಒಬ್ಬ ಮಾರ್ಗದರ್ಶಿಗೆ ಒಂದು ಹೊತ್ತಿಗೆ ಒಬ್ಬನೇ ಶಿಷ್ಯ. ಮೊಮ್ಮಗನನ್ನೂ ನಿಮ್ಮ ಮಗನನ್ನೂ ಒಂದೇ ಅಟ್ಟಣೆಯಲ್ಲಿ ಕೂರಿಸುವ ಯೋಚನೆ ಅಜ್ಜನಿಗಿದ್ದರೆ ಈಗಲೇ ಮಾತನಾಡಿಕೊಳ್ಳಿ.

ಇನ್ನು ನಿಮ್ಮ ವಿಷಯ. ನಮ್ಮವರು ಎಡವುವುದು ಇಲ್ಲೇ. ತಾತ್ಕಾಲಿಕ ವೀಸಾದ ಮೇಲೆ ಬಂದವರು ಕೋವಿಯನ್ನಾಗಲಿ ಗುಂಡುಗಳನ್ನಾಗಲಿ ಇಟ್ಟುಕೊಳ್ಳುವುದು ಒಕ್ಕೂಟ ಸರ್ಕಾರದ ಕಾನೂನಿನ ಪ್ರಕಾರ ಅಪರಾಧ. ವಿನಾಯಿತಿಗಳಲ್ಲಿ ಒಂದು, ಊರ್ಜಿತದಲ್ಲಿರುವ ಬೇಟೆಯ ಪರವಾನಗಿ. ಅದು ನಿಮ್ಮ ಹೆಸರಿನಲ್ಲಿ ಇಲ್ಲದಿದ್ದರೆ "ಸ್ವಲ್ಪ ಹಿಡಿದುಕೊಳ್ಳಿ" ಎಂದು ಅಜ್ಜ ಕೊಟ್ಟರೂ ಕೋವಿ ಮುಟ್ಟಬೇಡಿ, ಗುಂಡಿನ ಡಬ್ಬಿಯನ್ನು ನಿಮ್ಮ ಕಾರಿನಲ್ಲಿ ಇಡಿಸಿಕೊಳ್ಳಬೇಡಿ. ಮುಂದೆ ಹಸಿರು ಕಾರ್ಡಿನ ಆಸೆ ಇರುವವರು ವಲಸೆ ವಕೀಲರನ್ನು ಒಮ್ಮೆ ಕೇಳಿಕೊಂಡೇ ಹೊರಡುವುದು ಕ್ಷೇಮ. ಬರಿಗೈಯಲ್ಲಿ ಹೋಗಿ ನೋಡಿಬರಲು ಅಡ್ಡಿಯಿಲ್ಲ. ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣದ ಅಂಗಿ ಮಗನಿಗೆ ಕಡ್ಡಾಯ, ನೀವೂ ತೊಡಿ.

ಪ್ರಶ್ನೆ (ಇನ್ನೊಬ್ಬರು): ನನ್ನ ಮಗಳಿಗೆ ಹೆಣ್ಣು ಜಿಂಕೆಯನ್ನೇ ಹೊಡೆಯಬೇಕೆಂದು ಹೇಳಿಕೊಟ್ಟಿದ್ದಾರೆ. ತಾಯಿಯನ್ನು ಕೊಲ್ಲುವುದು ಯಾವ ನ್ಯಾಯ?

ಉತ್ತರ: ಹಿಂಡಿನ ಲೆಕ್ಕ ನಿಂತಿರುವುದೇ ಹೆಣ್ಣುಗಳ ಮೇಲೆ. ಒಂದು ಗಂಡು ಹಲವು ಹೆಣ್ಣುಗಳನ್ನು ಕೂಡುತ್ತದೆ. ಹತ್ತು ಗಂಡುಗಳನ್ನು ಹೊಡೆದರೂ ಮುಂದಿನ ಬೇಸಿಗೆಗೆ ಹುಟ್ಟುವ ಮರಿಗಳು ಹೆಚ್ಚುಕಡಿಮೆ ಅಷ್ಟೇ. ಮೇವು ಚೆನ್ನಾಗಿರುವ ಕಡೆ ಬಿಳಿಬಾಲದ ಜಿಂಕೆ ಸಾಮಾನ್ಯವಾಗಿ ಅವಳಿ ಮರಿ ಹಾಕುತ್ತದೆ. ನಮ್ಮ ದಕ್ಷಿಣ ಭಾಗದಲ್ಲಿ ಮೆಕ್ಕೆಜೋಳ, ಸೋಯಾ ತಿಂದು ಕೊಬ್ಬಿದ ಹಿಂಡುಗಳಿವೆ. ಉತ್ತರದ ಕಾಡಿಗೆ ಹೋಗಿ ನೋಡಿ: ಜಿಂಕೆ ಬಾಯಿಗೆ ಎಟುಕುವ ಎತ್ತರದವರೆಗೆ ಬಿಳಿ ಸೀಡರ್ ಮರಗಳು ಬೋಳು, ಕೆಳಗೆ ಒಂದು ಸಸಿಯೂ ಮೇಲೇಳುವುದಿಲ್ಲ.

ಈ ಜಗಳ ಹಳೆಯದು. 1943ರಲ್ಲಿ ಹೆಸರಾಂತ ವನ್ಯಜೀವಿ ವಿಜ್ಞಾನಿ ಆಲ್ಡೊ ಲಿಯೊಪೋಲ್ಡ್ ರಾಜ್ಯದ ಸಂರಕ್ಷಣಾ ಆಯೋಗದಲ್ಲಿದ್ದರು. ಕೊಂಬಿಲ್ಲದ ಜಿಂಕೆಗಳ, ಅಂದರೆ ಹೆಣ್ಣು ಮತ್ತು ಮರಿಗಳ, ಬೇಟೆಯನ್ನು ಅವರು ಬೆಂಬಲಿಸಿದಾಗ ಜನ ಅದಕ್ಕೆ '43ರ ಅಪರಾಧ' ಎಂದೇ ಹೆಸರಿಟ್ಟರು. ಮುಂದೆ 1996ರಲ್ಲಿ, ಮೊದಲು ಕೊಂಬಿಲ್ಲದ್ದೊಂದನ್ನು ಹೊಡೆದರೆ ಮಾತ್ರ ಗಂಡಿಗೆ ಅನುಮತಿ ಎಂಬ ನಿಯಮ ಬಂತು. ಹಿಂಡು ಇಳಿಸುವುದರಲ್ಲಿ ಅದರಷ್ಟು ಕೆಲಸ ಮಾಡಿದ ನಿಯಮ ಇನ್ನೊಂದಿಲ್ಲ, ಅದರಷ್ಟು ಬೈಸಿಕೊಂಡದ್ದೂ ಇಲ್ಲ. 2011ರಲ್ಲಿ ಶಾಸನಸಭೆ ಅದನ್ನು ತೆಗೆದೇಹಾಕಿತು.

ಮಗಳಿಗೆ ಒಂದು ಕಿವಿಮಾತು ಹೇಳಿ. ಒಂಟಿಯಾಗಿ ಮೊದಲು ಬಯಲಿಗೆ ಬರುವ ಸಣ್ಣ 'ಹೆಣ್ಣು' ಬಹಳ ಸಲ ಗಂಡು ಮರಿಯಾಗಿರುತ್ತದೆ. ಕಿವಿಗಳ ನಡುವೆ ತಲೆ ಚಪ್ಪಟೆಯಾಗಿದ್ದರೆ ಗಂಡು, ಗುಂಡಗಿದ್ದರೆ ಹೆಣ್ಣು. ಬೇಟೆಯ ನಂತರ ಕೆಳದವಡೆ ಬಿಡಿಸಿ ಮೂರನೆಯ ದವಡೆಹಲ್ಲು ತೋರಿಸಿ. ಅದಕ್ಕೆ ಮೂರು ಉಬ್ಬುಗಳಿದ್ದರೆ ಹಾಲುಹಲ್ಲು. ಒಂದೂವರೆ ವರ್ಷದ ಹೊತ್ತಿಗೆ ಅದು ಬಿದ್ದು ಎರಡು ಉಬ್ಬಿನ ಹಲ್ಲು ಬರುತ್ತದೆ. ಹಿಂಡಿನ ವಯಸ್ಸನ್ನು ನಾವು ಅಳೆಯುವುದೇ ಹೀಗೆ.

ಪ್ರಶ್ನೆ: ಊರಿನಲ್ಲಿ ಜಿಂಕೆ ಹೊಡೆದರೆ ಜೈಲು. ಇಲ್ಲಿ ಮಕ್ಕಳ ಕೈಗೆ ಕೋವಿಯೇ?

ಉತ್ತರ: 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ನಮ್ಮ ನಾಡಿಗೆ ಸರಿಯಾದದ್ದೇ, ಸರ್. ನಾಗರಹೊಳೆಯಲ್ಲಿ ಹುಲಿ, ಚಿರತೆ, ಸೀಳುನಾಯಿಗಳು ಹಿಂಡು ಇಳಿಸುವ ಕೆಲಸ ಮಾಡುತ್ತವೆ. ವಿಸ್ಕಾನ್ಸಿನ್‌ನ ತೋಳಗಳು ಬಹುಪಾಲು ಇರುವುದು ಉತ್ತರದಲ್ಲಿ; ದಕ್ಷಿಣದಲ್ಲಿ ಆ ಕೆಲಸ ಬೇಟೆಗಾರರ ಪಾಲಿಗೆ.

ಪ್ರಶ್ನೆ: ನಾನು ಬಿಲ್ಲು ಬೇಟೆಗಾರ. ಸೆಪ್ಟೆಂಬರ್‌ನಿಂದ ಕಾದು ಕೂತಿರುತ್ತೇನೆ. ಮಧ್ಯೆ ಮಕ್ಕಳು ಕೋವಿ ಹಾರಿಸಿ ಜಿಂಕೆ ಓಡಿಸುತ್ತಾರೆ. ನ್ಯಾಯ ಎಲ್ಲರಿಗೂ ಒಂದೇ ಇರಬೇಡವೇ?

ಉತ್ತರ: ನಿಮ್ಮ ಋತು ಜನವರಿಯವರೆಗೆ ಇದೆ, ಮಕ್ಕಳಿಗಿರುವುದು ಎರಡೇ ದಿನ. ಇದರಲ್ಲಿ ನಾನು ಮಕ್ಕಳ ಕಡೆ. ಪೆನ್ಸಿಲ್ವೇನಿಯಾದಲ್ಲಿ 2002ರಿಂದ ಕೊಂಬಿನ ಕವಲು ಎಣಿಸಿ, ಸಾಕಷ್ಟಿದ್ದರೆ ಮಾತ್ರ ಗಂಡನ್ನು ಹೊಡೆಯುವ ನಿಯಮವಿದೆ. ಅಲ್ಲಿಯೂ ಕಿರಿಯರಿಗೆ ಅದನ್ನು ಸಡಿಲಿಸಿದ್ದಾರೆ. ಕೈ ನಡುಗುವ ಮಗುವಿಗೆ ಕವಲು ಎಣಿಸು ಎನ್ನುವುದಕ್ಕಿಂತ ಗುರಿಯ ಹಿಂದೆ ಏನಿದೆ ನೋಡು ಎಂದು ಕಲಿಸುವುದು ಮೇಲು.

ನಿಮ್ಮ ಸಿಟ್ಟಿಗೆ ಸರಿಯಾದ ಜಾಗ ಕೌಂಟಿಯ ಜಿಂಕೆ ಸಲಹಾ ಸಮಿತಿ. ಕೊಂಬಿಲ್ಲದ ಜಿಂಕೆ ಎಷ್ಟು ಹೊಡೆಯಬೇಕೆಂದು ಪ್ರತಿ ವರ್ಷ ಶಿಫಾರಸು ಮಾಡುವವರು ಅವರೇ. ಬೇಟೆಗಾರರ ಜೊತೆ ಕೃಷಿ, ಅರಣ್ಯ, ಪ್ರವಾಸೋದ್ಯಮದ ಪ್ರತಿನಿಧಿಗಳೂ ಅಲ್ಲಿರುತ್ತಾರೆ. ಉತ್ತರದಲ್ಲಿ ಚಳಿಗಾಲ ಎಷ್ಟು ಕಠಿಣವಾಗಿತ್ತೆಂಬ ಅಂಕವನ್ನೂ ನೋಡುತ್ತಾರೆ: ಹದಿನೆಂಟು ಅಂಗುಲ ಹಿಮ ನಿಂತ ದಿನಕ್ಕೊಂದು, ಉಷ್ಣಾಂಶ ಸೊನ್ನೆ ಫ್ಯಾರನ್‌ಹೀಟ್ ಮುಟ್ಟಿದ ದಿನಕ್ಕೊಂದು. ಸಭೆಗಳು ಎಲ್ಲರಿಗೂ ತೆರೆದಿವೆ. ನಮ್ಮವರನ್ನು ಅಲ್ಲಿ ನಾನು ಕಂಡಿಲ್ಲ.

ಪ್ರಶ್ನೆ (ಮೊದಲಿನ ತಂದೆ): ಕೊನೆಯದೊಂದು, ಮೇಡಂ. ಮಾಂಸ ಮನೆಗೆ ತಂದರೆ ತಿನ್ನಬಹುದೇ?

ಉತ್ತರ: ಪರೀಕ್ಷೆ ಮಾಡಿಸದೆ ಬೇಡ. ಜಿಂಕೆಯ ಮಿದುಳನ್ನು ಹಾಳುಮಾಡುವ ಪ್ರಿಯಾನ್ (ರೂಪ ಕೆಟ್ಟ ಪ್ರೋಟೀನ್) ರೋಗ ಈ ರಾಜ್ಯದಲ್ಲಿ ಮೊದಲು ಪತ್ತೆಯಾದದ್ದು 2002ರಲ್ಲಿ, ಅದೂ ನಿಮ್ಮ ಡೇನ್ ಕೌಂಟಿಯಲ್ಲೇ. ಮನುಷ್ಯರಿಗೆ ತಗುಲಿದ ಖಚಿತ ಉದಾಹರಣೆ ಇಲ್ಲ. ಆದರೂ ಸೋಂಕಿತ ಪ್ರಾಣಿಯ ಮಾಂಸ ತಿನ್ನಬೇಡಿ ಎಂಬುದು ಆರೋಗ್ಯ ಇಲಾಖೆಗಳ ಸಲಹೆ. ಕುಕ್ಕರ್‌ನಲ್ಲಿ ಎಷ್ಟು ಸೀಟಿ ಕೂಗಿಸಿದರೂ ಪ್ರಿಯಾನ್ ನಾಶವಾಗುವುದಿಲ್ಲ.

ಬೇಟೆಯನ್ನು ಮರುದಿನ ಸಂಜೆ ಐದರೊಳಗೆ ನೋಂದಾಯಿಸಿ. ಕುತ್ತಿಗೆಯ ಕೆಲವು ಅಂಗುಲ ಸಮೇತ ತಲೆಯನ್ನು ಮಾದರಿ ಸಂಗ್ರಹಿಸುವ ಪೆಟ್ಟಿಗೆಗೆ ಹಾಕಿ; ಪರೀಕ್ಷೆ ಉಚಿತ. ಗಂಟಲಿನ ದುಗ್ಧ ಗ್ರಂಥಿಯನ್ನು ಪರೀಕ್ಷಿಸುತ್ತಾರೆ. ಮಾಂಸವನ್ನು ಮೂಳೆಯಿಂದ ಬಿಡಿಸಿ, ಬೆನ್ನುಹುರಿಗೆ ಕತ್ತಿ ತಾಗಿಸದೆ, ಪೊಟ್ಟಣಗಳ ಮೇಲೆ ನೋಂದಣಿ ಸಂಖ್ಯೆ ಬರೆದು ಫ್ರೀಜರ್‌ನಲ್ಲಿಡಿ. ಫಲಿತಾಂಶ ಬರುವವರೆಗೆ ಅಜ್ಜನ ಮನೆಯವರಿಗೂ ಪಾಲು ಕಳಿಸಬೇಡಿ.