ಸಿದ್ಧ ಉಡುಪು ಚೆನ್ನಾಗಿ ಕಾಣಲು 300 ರೂಪಾಯಿಯನ್ನು ಎಲ್ಲಿ ಹಾಕಬೇಕು?

ಹೇಮಾವತಿ ದಂಡೆ (ಹಾಸನ): ತಮ್ಮನಿಗೆ ಮುಂದಿನ ವಾರ ಕೆಲಸದ ಸಂದರ್ಶನವಿದೆ. ಅವನಿಗಾಗಿ ತಿಳಿನೀಲಿ ಹತ್ತಿಯ ಅಂಗಿಯನ್ನೂ ಪಾಲಿಸ್ಟರ್ ಮಿಶ್ರಿತ ಕಪ್ಪು ಪ್ಯಾಂಟನ್ನೂ ಸಿದ್ಧ ಉಡುಪಿನ ಅಂಗಡಿಯಲ್ಲಿ ಕೊಂಡೆವು. ಭುಜ ಮತ್ತು ಕಾಲರ್ ಸರಿಯಾಗಿ ಕೂತಿವೆ. ಆದರೆ ಅಂಗಿ ಸೊಂಟದ ಬಳಿ ಜೋಳಿಗೆಯಂತೆ ಜೋಲುತ್ತದೆ, ಪ್ಯಾಂಟಿನ ಕಾಲು ಬೂಟಿನ ಮೇಲೆ ಮಡಿಕೆಮಡಿಕೆಯಾಗಿ ಬೀಳುತ್ತದೆ. ಕೈಯಲ್ಲಿ ಉಳಿದಿರುವುದು 300 ರೂಪಾಯಿ. ಗುಂಡಿ ಬದಲಿಸಿದರೆ ಅಂಗಿಗೆ ಬೇರೆಯೇ ಕಳೆ ಬರುತ್ತದೆ ಎಂದು ಗೆಳೆಯರು ಹೇಳಿದರು. ಮೊದಲು ಯಾವುದಕ್ಕೆ ಖರ್ಚು ಮಾಡಬೇಕು?

ಗುಂಡಿಕಾಜಾ (ಚಿಕ್ಕಮಗಳೂರು): ನಿಮ್ಮ ಗೆಳೆಯರ ಮಾತು ಸರಿ. ಅಂಗಿ ಅಗ್ಗದ್ದೆಂದು ಮೊದಲು ತೋರಿಸಿಕೊಡುವುದು ತೆಳುವಾದ, ಹೊಳೆಯುವ ಪ್ಲಾಸ್ಟಿಕ್ ಗುಂಡಿಯೇ. ಸ್ವಲ್ಪ ದಪ್ಪನಾದ, ಹೊಳಪಿಲ್ಲದ, ನಾಲ್ಕು ರಂಧ್ರದ ಗುಂಡಿಗಳನ್ನು ತನ್ನಿ. ಹಳೆಯ ಗುಂಡಿಯೊಂದನ್ನು ಅಂಗಡಿಗೆ ಒಯ್ದು ಅದೇ ಅಗಲದ್ದನ್ನು ಆರಿಸಿಕೊಳ್ಳಬೇಕು, ಇಲ್ಲವಾದರೆ ಕಾಜಾದಲ್ಲಿ ತೂರುವುದಿಲ್ಲ. ಹೊಲಿಯುವುದು ಮನೆಯಲ್ಲೇ ಒಂದು ಸಂಜೆಯ ಕೆಲಸ.

ಅಳತೆಪಟ್ಟಿ (ಬೇಲೂರು): ಈ ಮಾತನ್ನು ನಾನು ಒಪ್ಪಲಾರೆ. ಬಾಗಿಲಲ್ಲಿ ನಿಂತ ಹುಡುಗನ ಗುಂಡಿ ಯಾರಿಗೂ ಕಾಣುವುದಿಲ್ಲ. ಕಾಣುವುದು ಅವನ ಮೈಮೇಲೆ ಬಟ್ಟೆ ಕೂತ ರೀತಿ. ಅಂಗಿಯ ಎರಡೂ ಪಕ್ಕದ ಹೊಲಿಗೆಯನ್ನು ಒಳಕ್ಕೆ ಹಿಡಿಸಿ, ಪ್ಯಾಂಟಿನ ಉದ್ದವನ್ನು ತಗ್ಗಿಸಿ. ದರ್ಜಿಯ ಬಳಿಗೆ ಹೋಗುವಾಗ ನಿಮ್ಮ ತಮ್ಮ ಸಂದರ್ಶನಕ್ಕೆ ಹಾಕಿಕೊಳ್ಳುವ ಬೂಟುಗಳನ್ನೇ ಹಾಕಿಕೊಂಡಿರಲಿ. ಉಳಿಯುವ ಬಟ್ಟೆಯನ್ನು ಕತ್ತರಿಸಿ ಎಸೆಯದೆ ಎರಡು ಇಂಚಿನಷ್ಟನ್ನಾದರೂ ಒಳಗೆ ಮಡಚಲು ಹೇಳಿ. ಭುಜ ಸರಿಯಿರುವುದು ನಿಮ್ಮ ಅದೃಷ್ಟ. ಅದು ಜಾರಿದ್ದರೆ ತೋಳು ಬಿಚ್ಚಿ ಮತ್ತೆ ಕೂರಿಸಬೇಕಾಗುತ್ತಿತ್ತು, ಆ ಕೂಲಿಯನ್ನು ಅಗ್ಗದ ಅಂಗಿಗೆ ಸುರಿಯುವುದರಲ್ಲಿ ಅರ್ಥವಿಲ್ಲ.

ಮಳೆಗಾಲ (ಮೂಡಿಗೆರೆ): ಇಬ್ಬರೂ ಒಂದು ಹೆಜ್ಜೆಯನ್ನು ಬಿಟ್ಟಿದ್ದೀರಿ. ನೇಯುವಾಗ ಮತ್ತು ಹದಗೊಳಿಸುವಾಗ ಎಳೆದು ಬಿಗಿಯಾದ ಹತ್ತಿಯ ನೂಲು ನೀರು ಕಂಡೊಡನೆ ಸಡಿಲಗೊಂಡು ಕುಗ್ಗುತ್ತದೆ. ಆದ್ದರಿಂದ ಅಂಗಿಯನ್ನು ಮೊದಲು ಒಗೆದು, ಪೂರ್ತಿ ಒಣಗಿಸಿ, ಆಮೇಲೆ ಅಳತೆ ಕೊಡಬೇಕು. ನಮ್ಮಲ್ಲಿ ಮಳೆ ಹಿಡಿದರೆ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಹೀಗೆ ಅವಸರಪಟ್ಟು ಒಗೆಯದೆಯೇ ಹಿಡಿಸಿದ ನನ್ನ ಅಂಗಿಯೊಂದು ಮೊದಲ ಒಗೆತದ ನಂತರ ಎದೆಯ ಗುಂಡಿ ಹಾಕಲೂ ಬಾರದಂತಾಯಿತು. ನಿಮಗೆ ಇನ್ನೂ ಒಂದು ವಾರವಿದೆ, ಇಂದೇ ನೆನೆಹಾಕಿ.

ಗಾರ್ಮೆಂಟ್ಸ್ ಅಕ್ಕ (ಹಾಸನ): ನಾನು ಕಾರ್ಖಾನೆಯಲ್ಲಿ ಅಂಗಿಗಳನ್ನೇ ಹೊಲಿದವಳು, ಹಾಗಾಗಿ ಒಳಗಿನ ಸಂಗತಿ ಹೇಳುತ್ತೇನೆ. ಅಗ್ಗದ ಎಷ್ಟೋ ಅಂಗಿಗಳ ಗುಂಡಿಯನ್ನು ಯಂತ್ರವು ಒಂದೇ ದಾರದ ಸರಪಳಿ ಹೊಲಿಗೆಯಲ್ಲಿ ಕೂರಿಸಿರುತ್ತದೆ. ಹಿಂಬದಿಯ ದಾರದ ತುದಿ ಎಲ್ಲಾದರೂ ಸಿಕ್ಕಿ ಎಳೆದರೆ ಗುಂಡಿಯೇ ಉದುರುತ್ತದೆ. ಹೊಸ ಗುಂಡಿ ಕೊಳ್ಳಲಿ ಬಿಡಲಿ, ಇರುವ ಗುಂಡಿಗಳನ್ನೇ ಕೈಯಲ್ಲಿ ಮತ್ತೊಮ್ಮೆ ಹೊಲಿದು, ಬಟ್ಟೆಗೂ ಗುಂಡಿಗೂ ನಡುವೆ ದಾರವನ್ನು ಮೂರು ನಾಲ್ಕು ಸುತ್ತು ಸುತ್ತಿ ಗಂಟು ಹಾಕಿ. ಹಾಗೆ ಮಾಡಿದರೆ ಗುಂಡಿಪಟ್ಟಿ ಸುಕ್ಕಾಗದೆ ನೆಟ್ಟಗೆ ನಿಲ್ಲುತ್ತದೆ.

ಪಕ್ಕದ ಹೊಲಿಗೆಯ ವಿಷಯ ಇನ್ನೂ ಮುಖ್ಯ. ಅಂಗಿಯ ಪಕ್ಕದಲ್ಲಿ ಎರಡು ಅಂಚುಗಳನ್ನು ಒಂದರೊಳಗೊಂದು ಮಡಚಿ ಎರಡು ಸಾಲು ಹೊಲಿದಿದ್ದರೆ ಬಿಚ್ಚಿ ಅಗಲ ಮಾಡಲು ಹೆಚ್ಚಿನ ಬಟ್ಟೆಯೇ ಇರುವುದಿಲ್ಲ, ಚಿಕ್ಕದು ಮಾಡಬಹುದು ಅಷ್ಟೇ. ಹಿಡಿಸುವಾಗ ಸೊಂಟದಲ್ಲಿ ಮಾತ್ರ ಹಿಡಿದರೆ ಕಂಕುಳ ಕೆಳಗೆ ಚೀಲವಾಗುತ್ತದೆ. ತೋಳಿನಿಂದ ಕೆಳಅಂಚಿನವರೆಗೆ ಒಂದೇ ಓಟದ ಹೊಲಿಗೆಯಾಗಿ ಇಳಿಸಬೇಕು. ಮೊದಲು ಕಚ್ಚಾ ಹೊಲಿಗೆ ಹಾಕಿಸಿ, ತಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಕೈ ಮುಂದಕ್ಕೆ ಚಾಚಲು ಹೇಳಿ. ಬೆನ್ನು ಬಿಗಿದರೆ ಅರ್ಧ ಇಂಚು ಸಡಿಲಿಸಿ.

ಗುಂಡಿಕಾಜಾ: ಅಕ್ಕ, ಸರಪಳಿ ಹೊಲಿಗೆಯ ಸಂಗತಿ ನನಗೆ ತಿಳಿದಿರಲಿಲ್ಲ. 300 ರೂಪಾಯಿಯೊಳಗೆ ಹೊಲಿಗೆಯೇ ಮೊದಲು ಎಂಬುದನ್ನು ಒಪ್ಪುತ್ತೇನೆ. ಆದರೂ ಮೇಜಿನ ಆಚೆ ಕೂತವರಿಗೆ ಅರ್ಧ ಗಂಟೆ ಕಾಣುವುದು ಕಾಲರ್ ಮತ್ತು ಮೇಲಿನ ಮೂರು ಗುಂಡಿಗಳೇ ಎಂಬ ನನ್ನ ಮಾತು ಹಾಗೆಯೇ ಇರಲಿ.

ಹೇಮಾವತಿ ದಂಡೆ: ಅಂಗಿಯನ್ನು ಈಗಷ್ಟೇ ನೆನೆಹಾಕಿದೆ. ಕಪ್ಪು ಪ್ಯಾಂಟಿಗೆ ಇಸ್ತ್ರಿ ಮಾಡುವಾಗ ಏನಾದರೂ ಎಚ್ಚರ ಬೇಕೇ?

ಗಾರ್ಮೆಂಟ್ಸ್ ಅಕ್ಕ: ಬೇಕು. ಪಾಲಿಸ್ಟರ್ ಮಿಶ್ರಿತ ಬಟ್ಟೆಯ ಮೇಲೆ ಬಿಸಿ ಪೆಟ್ಟಿಗೆಯನ್ನು ನೇರವಾಗಿ ಒತ್ತಿದರೆ ಹೊಳಪಿನ ಕಲೆ ಉಳಿಯುತ್ತದೆ, ಕಪ್ಪಿನಲ್ಲಿ ಅದು ಎದ್ದು ಕಾಣುತ್ತದೆ. ಪ್ಯಾಂಟನ್ನು ಒಳಮಗ್ಗುಲಾಗಿ ತಿರುಗಿಸಿ, ಮೇಲೆ ಹಳೆಯ ಪಂಚೆಯ ಒದ್ದೆ ತುಂಡು ಹಾಸಿ, ಕಡಿಮೆ ಬಿಸಿಯಲ್ಲಿ ಒತ್ತಿ.